ಬಾಹಿಯ ಅಸ್ತರ

ಅಸ್ತರ ಇನ್ನೂ ಒಣಗಿರಲಿಲ್ಲ. ಹಿತ್ತಲ ತಂತಿಯ ಮೇಲೆ ಜೋತುಬಿದ್ದಿದ್ದ ಅದನ್ನು ಭೀಮಗೊಂಡ ಎಡಗೈಯಿಂದ ಹಿಸುಕಿ ನೋಡಿದ. ಮೇಲೆ ಗರಿಗರಿಯಾಗಿದ್ದರೂ ಒತ್ತಿದರೆ ಒಳಗಿನ ತೇವ ತಣ್ಣಗೆ ಬೆರಳಿಗೆ ಹತ್ತುತ್ತಿತ್ತು. ನಿನ್ನೆ ಬೆಳಿಗ್ಗೆ ಒಗೆದು ಹಾಕಿದ್ದು. ಮಾರ್ಚ್ ತಿಂಗಳ ಬಿಸಿಲಿಗೆ ಜಮಖಾನೆಯೇ ಒಂದು ಹಗಲಿನಲ್ಲಿ ಒಣಗುತ್ತದೆ, ಒಂದು ತೋಳಿನಷ್ಟು ಬಟ್ಟೆಗೆ ಏನು ಧಾಡಿ ಎಂದು ಅವನಿಗೆ ಸಿಟ್ಟು ಬಂತು. ಒಗೆಯುವಾಗಲೇ ಸೋಜಿಗವಾಗಿತ್ತು. ಬಕೆಟ್ಟಿನಿಂದ ಎತ್ತಿದರೆ ನೀರು ಕುಡಿದ ಗೋಣಿಚೀಲದಷ್ಟು ಭಾರ. ಎರಡೂ ಕೈ ಹಚ್ಚಿ ತಂತಿಗೆ ಹಾಕುವಷ್ಟರಲ್ಲಿ ಅಂಗಿಯೆಲ್ಲ ತೊಯ್ದುಹೋಗಿತ್ತು. ಬಲಗೈಗೆ ಈಚೆಗೆ ಎಲ್ಲವೂ ಭಾರವೇ, ಅದರ ಮಾತು ಬೇರೆ. ಹೆಂಡತಿ ಬಾಳಕ್ಕ ಮನೆಯಲ್ಲಿದ್ದರೆ ಇದನ್ನು ಮುಟ್ಟಗೊಡುತ್ತಿರಲಿಲ್ಲ. 'ಇಡ್ರಿ ಅದನ್ನ, ಹತ್ತಿ ಮುದ್ದಿ ಆಗದಂಗ ಒಗ್ಯಾಕ ನಿಮಗ ಬರೂದಿಲ್ಲ' ಎಂದು ಕಸಿದುಕೊಳ್ಳುತ್ತಿದ್ದಳು. ಆದರೆ ಅವಳು ಗಡಹಿಂಗ್ಲಜದಲ್ಲಿ, ಮಗಳು ರುತುಜಾಳ ಮನೆಯಲ್ಲಿದ್ದಳು. ಮೊಮ್ಮಗಳಿಗೆ ಜ್ವರ ಬಂದಿದೆಯೆಂದು ಹೋದವಳು ಇವತ್ತು ಸಂಜೆಗೆ ಬರುವವಳು. ಇವತ್ತೇ ಕೊಲ್ಹಾಪುರದಲ್ಲಿ ಗಿರಾಕಿಗಳಿಗೆ ಕಳಿಸುವ ವಿಡಿಯೋ ತೆಗೆಯುವುದಿತ್ತು. ನಾಲ್ಕು ಜನರೆದುರು ಬೆವರು ನಾರುವ ಅಸ್ತರ ಹಾಕಿಕೊಂಡು ನಿಲ್ಲುವುದು ಹೇಗೆಂದು ಅವನೇ ಒಗೆದಿದ್ದ.

ಅಸ್ತರವೆಂದರೆ ಬಾಹಿಯ ಒಳಗೆ ಹಾಕಿಕೊಳ್ಳುವ, ಹತ್ತಿ ತುಂಬಿ ಹೊಲಿದ ಬಟ್ಟೆಯ ತೋಳು. ಬಾಹಿ ಕಬ್ಬಿಣದ್ದು. ರೋಮಿನ ಸಿಪಾಯಿಗಳು ಕತ್ತಿ ಹಿಡಿಯುವ ಬಲತೋಳಿಗೆ ಕಟ್ಟಿಕೊಳ್ಳುತ್ತಿದ್ದ ಚಿಲಖತ್ತು, ಅಂದರೆ ಕವಚ. ಮಣಿಕಟ್ಟಿನಿಂದ ಭುಜದವರೆಗೆ ಕಿರಿದಾದ ಪಟ್ಟಿಗಳು ಒಂದರ ಮೇಲೊಂದು ಏರಿಕೊಂಡು, ಒಳಗೆ ಚರ್ಮದ ವಾರಿಗೆ ರಿವೆಟ್ಟು ಬಡಿಸಿಕೊಂಡು, ತೋಳು ಮಡಚಿದರೆ ತಾವೂ ಮಡಚಿ ಚಾಚಿದರೆ ತಾವೂ ಚಾಚುವಂಥದು. ದೂರದ ದೇಶಗಳಲ್ಲಿ ರವಿವಾರ ಬಂದರೆ ರೋಮಿನವರ ವೇಷ ಹಾಕಿ ಬಯಲಿನಲ್ಲಿ ಯುದ್ಧದ ಆಟ ಆಡುವ ಮಂದಿ ಇದ್ದಾರೆ. ಅವರಿಗೆ ಬೇಕಾದ ಟೊಪ್ಪಿಗೆ, ಢಾಲು, ಮೊಂಡು ಕತ್ತಿ, ಬಾಹಿಗಳು ಇಚಲಕರಂಜಿಯ ಶ್ರೇಣಿಕನ ವರ್ಕಶಾಪಿನಿಂದ ಹೋಗುತ್ತವೆ. ಶ್ರೇಣಿಕನ ಅಪ್ಪನ ಕಾಲದಲ್ಲಿ ಅಲ್ಲಿ ಪಾವರಲೂಮಿನ ಬಿಡಿಭಾಗಗಳು ಆಗುತ್ತಿದ್ದವು. ಮೊದಲ ದಿನ ಆ ಸಾಮಾನಿನ ಫೋಟೋ ನೋಡಿದ ಯಾರೋ 'ಇದು ಕಬ್ಬಿಣದ ಬಾಹಿ' ಎಂದರು. ಮರಾಠಿಯ ಬಾಹಿ, ಅಂಗಿಯ ತೋಳು. ಅದೇ ಹೆಸರು ನಿಂತಿತು. ರೋಮಿನವರೂ ಅದನ್ನು ಅಂಗಿತೋಳು ಅನ್ನುವ ಮಾತಿನಿಂದಲೇ ಕರೆಯುತ್ತಿದ್ದರೆಂದು ಶ್ರೇಣಿಕ ಎಲ್ಲೋ ಓದಿಕೊಂಡು ಬಂದು ಹೇಳಿದಾಗ ವರ್ಕಶಾಪಿಗೆ ವರ್ಕಶಾಪೇ ನಕ್ಕಿತ್ತು. ಅಳತೆಗೆಂದು ಒಮ್ಮೆ ಕಟ್ಟಿಗೆಯ ತೋಳು ಮಾಡಿಸಿ ನೋಡಿದರು. ಕಟ್ಟಿಗೆಗೆ ಮೊಳಕೈ ಮಡಚಲು ಬಾರದು, ಮುಷ್ಟಿ ಬಿಗಿದಾಗ ಉಬ್ಬಲು ಬಾರದು. ಕಡೆಗೆ ಅಲ್ಲೇ ಕೆಲಸಕ್ಕಿದ್ದ ಭೀಮಗೊಂಡ ತನ್ನ ತೋಳು ಮುಂದೆ ಮಾಡಿದ. ಅಂದಿನಿಂದ ಪ್ರತಿಯೊಂದು ಬಾಹಿಯೂ ಅವನ ಬಲತೋಳಿನ ಮೇಲೆಯೇ ಮುಗಿಯಬೇಕು. ಅಸ್ತರ ಏರಿಸಿ, ಪಟ್ಟಿಗಳನ್ನು ಸುತ್ತಿ, ಎಲ್ಲಿ ಅಲುಗುತ್ತದೋ ಅಲ್ಲಿ ಎಡಗೈಯಿಂದ ಒತ್ತಿ ಬಗ್ಗಿಸಿ, 'ಕುಂತ್ತ ನೋಡ' ಎಂದರೆ ಅದು ಡಬ್ಬಿಗೆ ಹೋಗುತ್ತಿತ್ತು. ಡಬ್ಬಿಯ ಮೇಲೆ ಮೀಡಿಯಮ್ ಎಂದು ಬರೆಯುತ್ತಿದ್ದರು. ಮೀಡಿಯಮ್ ಎಂದರೆ ಭೀಮಗೊಂಡ.

ಆ ತೋಳಿಗೆ ಏನೋ ಆಗುತ್ತಿತ್ತು. ದೀಪಾವಳಿಯ ಊಟದಲ್ಲಿ ಅನ್ನ ಕಲಸುವಾಗ ತುತ್ತು ಬೆರಳಿನಿಂದ ತಾನೇ ಜಾರಿ ತಟ್ಟೆಗೆ ಬಿದ್ದಿತ್ತು. ಆಮೇಲೆ ಕಪ್ಪು ಬಿತ್ತು. ಸ್ಕೂಟರಿನ ಕೀಲಿ ತಿರುಗಿಸಲು ಎಡಗೈ ಬೇಕಾಯಿತು. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಚರ್ಮದ ಕೆಳಗೆ ಏನೋ ಸಣ್ಣಗೆ ಪುಟಿಯುತ್ತಿತ್ತು. ಅವನು ಮನೆಯಲ್ಲೂ ಉದ್ದ ತೋಳಿನ ಅಂಗಿ ಹಾಕತೊಡಗಿದ, 'ಸೊಳ್ಳಿ ಭಾಳ ಆಗ್ಯಾವ' ಎಂದ. ಚಮಚೆಯಿಂದ ಉಣ್ಣತೊಡಗಿದ, 'ಹಿಂಗ ಉಂಡ್ರ ಕೈಗೆ ವಾಸನಿ ಹತ್ತೂದಿಲ್ಲ' ಎಂದ. ಬಾಳಕ್ಕ ಹೌದ್ರಿ ಅಂದಳು, ತಾನೂ ಒಂದು ಚಮಚೆ ತಗೊಂಡು ಉಂಡಳು. ಡಾಕ್ಟರ ಹತ್ತಿರ ಹೋಗಲಿಲ್ಲ. ಅವನ ಹತ್ತಿರ ಒಂದು ಸಾಕ್ಷಿ ಇತ್ತು. ತೋಳು ನಿಜವಾಗಿ ಬಡವಾಗುತ್ತಿದ್ದರೆ ಬಾಹಿ ಸಡಿಲಾಗಬೇಕಿತ್ತಲ್ಲ? ಆಗಿರಲಿಲ್ಲ. ನಿನ್ನೆ ಮೊನ್ನೆಯವರೆಗೂ ಬಾಹಿ ಅವನ ತೋಳಿಗೆ ಕಚ್ಚಿ ಹಿಡಿದಂತೆ ಕೂರುತ್ತಿತ್ತು, ಬಿಚ್ಚುವಾಗ ಅದೇ ಹಳೆಯ ಬಿಗಿ. ಕನ್ನಡಿಯಲ್ಲಿ ಕಂಡದ್ದು ಕಣ್ಣಿನ ಭ್ರಮೆ, ವಯಸ್ಸು, ನರದ ಜಡ್ಡು. ಕಬ್ಬಿಣಕ್ಕೆ ಯಾರ ಮುಲಾಜಿದೆ? ದಿನಾ ಸಂಜೆ ಮನೆಗೆ ಬಂದವನೇ ಹೆಂಡತಿಗೆ ಹೇಳುತ್ತಿದ್ದ, 'ಇವತ್ತನೂ ಬಿಗಿ ಕುಂತಿತ್ತ ನೋಡ ಬಾಹಿ.' ಅವಳು ಕೇಳದೆಯೇ ಹೇಳುತ್ತಿದ್ದ. ಹೇಳಿದ ಮೇಲೆ ಊಟ ರುಚಿಸುತ್ತಿತ್ತು.

ಹೊರಗೆ ಶ್ರೇಣಿಕನ ಕಾರಿನ ಹಾರ್ನು ಕೇಳಿಸಿತು. ಅಂಗಿಯ ಮೇಲಿನ ಗುಂಡಿ ಇನ್ನೂ ಹಾಕಿರಲಿಲ್ಲ. ಬಲಗೈಯ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು, ಒತ್ತಲಿಲ್ಲ. ಗಲ್ಲಿಯ ಆಚೆ ಮಗ್ಗಗಳು ಖಟ್ ಖಟ್ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಗುಂಡಿ ಹಾಕದೆಯೇ, ಒದ್ದೆ ಅಸ್ತರವನ್ನು ತಂತಿಯ ಮೇಲೇ ಬಿಟ್ಟು ಅವನು ಹೊರಟ. ಗಿರಾಕಿಗಳಿಗೆ ಕಳಿಸುವ ಹೊಸ ಅಸ್ತರಗಳ ಡಬ್ಬಿ ಕಾರಿನಲ್ಲೇ ಇರುತ್ತದೆ, ಅದರಲ್ಲೊಂದು ಹಾಕಿಕೊಂಡರಾಯಿತು. ಅಸ್ತರ ಅಸ್ತರವೇ.

'ಕಾಕಾ, ಇವತ್ತ ನೀವ ಹೀರೋ' ಎಂದ ಶ್ರೇಣಿಕ ಬಾಗಿಲು ತೆಗೆದು. ಮೂವತ್ತು ದಾಟಿದ ಹುಡುಗ, ಮಾತಿನಲ್ಲಿ ಎಂದೂ ಮರ್ಯಾದೆ ತಪ್ಪಿದವನಲ್ಲ. ಹಾತಕಣಂಗಲೆ ದಾಟುವವರೆಗೂ ಅವನೇ ಮಾತಾಡಿದ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಅವುಗಳ ಹಿಂದೆ ಮೆಲ್ಲಗೆ ಹೋಗುತ್ತಾ, ರಸ್ತೆ ಬದಿಯ ಹೊಲದಲ್ಲಿ ಕೊಯ್ತಾ, ಕಬ್ಬು ಕಡಿಯುವ ಬಾಗಿದ ಕತ್ತಿ, ಬೀಸುತ್ತಿದ್ದ ಹೆಂಗಸರನ್ನು ತೋರಿಸಿದ. 'ಇಂಥಾದ್ದ ಹತಿಯಾರ ಇತ್ತಂತ್ರಿ ಆ ಕಡೆ ಒಂದ ದೇಶದವರ ಕೈಯಾಗ. ಉದ್ದನ್ನ ಹಿಡಿಕಿ, ಬಾಯಿ ಬಾಗಿದ್ದು. ರೋಮಿನವ ಢಾಲಿನ ಹಿಂದ ಅಡಗಿ ನಿಂತಿರ್ತಾನ, ಚುಚ್ಚಾಕ ತೋಳಷ್ಟ ಹೊರಗ ತರ್ತಾನ. ಅದನ್ನ ಕಾಯ್ದು ಕಬ್ಬ ಕಡದಂಗ ಕಡೀತಿದ್ರಂತ. ಅದಕ್ಕ ಬಾಹಿ ಬಂತು.' ಭೀಮಗೊಂಡ ಹೂಂ ಎಂದ. ಮೊದಮೊದಲು ಅವನಿಗೆ ಆ ಕಾಳಗವೇ ಹೇಡಿಗಳದ್ದೆನಿಸಿತ್ತು. ಕೊಲ್ಹಾಪುರದ ತಾಲೀಮಿನಲ್ಲಿ, ಅಲ್ಲಿಯ ಗರಡಿಯಲ್ಲಿ, ಅವನು ಕಲಿತದ್ದು ಪಟ್ಟಾ. ಮೊಳಕೈವರೆಗೂ ಕೈಯನ್ನೇ ನುಂಗುವ ಹಿಡಿ, ತುದಿಗೆ ಬಳುಕುವ ಉದ್ದ ಅಲಗು, ಮೈಯೆಲ್ಲ ತಿರುಗಿಸಿ ಬೀಸಿದರೆ ಸುತ್ತ ಯಾರೂ ಕಾಲಿಡುವಂತಿಲ್ಲ. ಇವರದು ಮೊಳದಷ್ಟು ಕತ್ತಿ, ಬೀಸುವಂತಿಲ್ಲ, ಢಾಲಿನ ಸಂದಿಯಿಂದ ಹೊಟ್ಟೆಗೆ ಚುಚ್ಚಿ ಕೈ ಒಳಗೆಳೆದುಕೊಳ್ಳಬೇಕು. ಆದರೆ ಬರುಬರುತ್ತಾ ಆ ಸಿಪಾಯಿಯ ಮೇಲೆ ಅವನಿಗೆ ಒಂದು ಥರ ಕರುಣೆ ಹುಟ್ಟಿತ್ತು. ಮೈಯೆಲ್ಲ ಢಾಲಿನ ಹಿಂದೆ, ಜಗತ್ತಿಗೆ ಕಾಣುವುದು ತೋಳೊಂದೇ. ಆ ತೋಳು ಹೋದರೆ ಹಿಂದೆ ಉಳಿದವನು ಯಾರು ಎಂದು ಯಾರು ಕೇಳುತ್ತಾರೆ?

ಮೊದಲ ಬಾಹಿಗಳನ್ನು ಅವನು ತಪ್ಪಾಗಿ ಮಾಡಿದ್ದ. ಹೆಂಚು ಹೊದಿಸಿದ ಹಾಗೆ ಮೇಲಿನ ಪಟ್ಟಿ ಕೆಳಗಿನದರ ಮೇಲೆ ಬರುವಂತೆ ಜೋಡಿಸಿದ್ದ. ಮಾಲು ವಾಪಸು ಬಂತು. ಶ್ರೇಣಿಕ ಎದುರು ನಿಂತು 'ಕೆಳಗಿಂದು ಮ್ಯಾಲ ಬರಬೇಕಂತ್ರಿ ಕಾಕಾ' ಎಂದ. 'ಕೆಳಗಿಂದು ಹೆಂಗ ಮ್ಯಾಲ ಬರ್ತೈತೋ, ಮಳಿನೀರ ಸೀದಾ ಒಳಗ ಹೋಗ್ತೈತಿ' ಎಂದು ಇವನು ಜಗಳಕ್ಕೇ ಬಿದ್ದಿದ್ದ. ಮ್ಯಾಲ ಅಂದರೆ ಭುಜದ ಕಡೆಗೋ, ಹೊರಗಿನ ಪದರಕ್ಕೋ? ಇಬ್ಬರೂ ಮ್ಯಾಲ ಮ್ಯಾಲ ಎನ್ನುತ್ತಾ ಅರ್ಧ ದಿನ ಕೂಗಾಡಿದ್ದರು. ಕಡೆಗೆ ಸಿಟ್ಟಿನಲ್ಲಿ ಬೈಯಲೆಂದು ಭೀಮಗೊಂಡ ತೋಳು ಎತ್ತಿದ, ಎತ್ತಿದ ತೋಳನ್ನು ತಾನೇ ನೋಡಿಕೊಂಡು ಸುಮ್ಮನಾದ. ಇಳಿಬಿಟ್ಟಾಗ ಮಾತ್ರ ಮಣಿಕಟ್ಟು ಕೆಳಗೆ. ಎತ್ತಿದರೆ ಅದೇ ಮೇಲೆ, ಮೊದಲ ಪೆಟ್ಟು ಅಲ್ಲಿಗೇ. ಅಲ್ಲಿಂದ ಭುಜದ ಕಡೆ ಜಾರಿ ಬರುವ ಅಲಗು ಎಲ್ಲೂ ಸಂದಿಗೆ ಸಿಗಬಾರದು. ಇದು ಎತ್ತಿದ ತೋಳಿಗಾಗಿ ಮಾಡಿದ ಸಾಮಾನು. ಆ ದಿನ ಮನೆಗೆ ಬಂದು ಬಾಳಕ್ಕನಿಗೆ ಅದನ್ನು ಎಷ್ಟು ಖುಷಿಯಿಂದ ವಿವರಿಸಿದ್ದ! ಅವಳು ರೊಟ್ಟಿ ಬಡಿಯುತ್ತಾ, 'ಇಳಿಬಿಟ್ಟವರ ಗತಿ ಏನ್ರಿ ಮತ್ತ?' ಎಂದು ಕೇಳಿದ್ದಳು. ಇಳಿಬಿಡುವವನು ಸಿಪಾಯಿ ಹೇಗಾದಾನು ಎಂದು ಅವನು ನಕ್ಕಿದ್ದ.

ಪಂಚಗಂಗೆಯ ಕಡೆಗಿದ್ದ ಹಳೆಯ ತಾಲೀಮಿನ ಅಂಗಳದಲ್ಲಿ ಪ್ರಥಮೇಶ ಕಾಯುತ್ತಿದ್ದ. ಭೀಮಗೊಂಡನ ಹತ್ತಿರವೇ ಪಟ್ಟಾ ಕಲಿತವನು. ಈಗ ಶಾಲೆಯ ಮಕ್ಕಳಿಗೆ ಕಲಿಸುತ್ತಾನೆ. ಇವತ್ತು ಬಾಗಿದ ಕತ್ತಿ ಹಿಡಿದು ವೈರಿಯಾಗಲು ಬಂದಿದ್ದ. 'ವಸ್ತಾದ, ಬರಂ ಹಾಯ್ ನ್ಹವಂ?' ಎಂದು ಕಾಲಿಗೆ ಬಿದ್ದ. 'ಬರಂ ಹಾಯ್ ರೆ' ಎಂದ ಭೀಮಗೊಂಡ, ಎಲ್ಲ ಚೆನ್ನಾಗಿದೆ ಎಂದ. ವಸ್ತಾದ, ಗುರು ಅನ್ನುವ ಆ ಮಾತು ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತು. ಬೇವಿನ ಗಿಡದ ನೆರಳಿನಲ್ಲಿ ನಿಂತು ಡಬ್ಬಿಯ ಹೊಸ ಅಸ್ತರ ಏರಿಸಿಕೊಂಡ. ತೋಳಿನ ಮೇಲೆ ಅದು ಹಗುರಾಗಿ, ಇದ್ದೂ ಇಲ್ಲದ ಹಾಗೆ ಜೋತಿತು. ಹೊಸದು, ಇನ್ನೂ ಮೈಗೆ ಹೊಂದಿಲ್ಲ ಅಂದುಕೊಂಡ. ಪ್ರಥಮೇಶ ಬಾಹಿ ಹಿಡಿದು ಒಳಬದಿಯ ಚರ್ಮದ ದಾರಗಳನ್ನು ಬಿಗಿಯತೊಡಗಿದ. ಬಿಗಿದ, ಬಿಚ್ಚಿ ಮತ್ತೆ ಬಿಗಿದ. ಎರಡೂ ಅಂಚು ಒಂದಕ್ಕೊಂದು ತಾಗಿದವು, ಇನ್ನು ಬಿಗಿಯಲು ಜಾಗವಿರಲಿಲ್ಲ. ಕಬ್ಬಿಣದ ಒಳಗೆ ತೋಳು ಬಾವಿಯೊಳಗಿನ ಹಗ್ಗದ ಹಾಗೆ ಅಲುಗುತ್ತಿತ್ತು. ಹುಡುಗ ತಲೆ ಎತ್ತಲಿಲ್ಲ. 'ಢಿಲಾ ವಾಟತಂಯ್ ವಸ್ತಾದ' ಎಂದ, ಸಡಿಲ ಆದಂತಿದೆ ಎಂದು, ತಪ್ಪು ತನ್ನದೇ ಅನ್ನುವ ದನಿಯಲ್ಲಿ. 'ನಡೀತೈತಿ, ಕಟ್ಟು' ಎಂದ ಭೀಮಗೊಂಡ ಕನ್ನಡದಲ್ಲಿ. ಅವನಿಗೆ ಮರಾಠಿ ಮರೆತೇಹೋಗಿತ್ತು.

ಶ್ರೇಣಿಕ ಫೋನು ಎತ್ತಿ ಹಿಡಿದು ಹೂಂ ಎಂದ. ಎಡಗೈಯಲ್ಲಿ ಢಾಲು, ಬಲಗೈಯಲ್ಲಿ ಮೊಂಡು ಕತ್ತಿ. ಪ್ರಥಮೇಶನ ಬಾಗಿದ ಕತ್ತಿ ಮೇಲಿನಿಂದ ಬರಬೇಕು, ಇವನು ತೋಳು ಎತ್ತಿ ಪೆಟ್ಟನ್ನು ಬಾಹಿಯ ಮೇಲೆ ತಗೊಂಡು ಜಾರಿಸಿ ಚುಚ್ಚಬೇಕು. ಎಷ್ಟು ಸಲ ಮಾಡಿ ತೋರಿಸಿದ್ದ ಕೆಲಸ. ತೋಳು ಎದೆಯ ಮಟ್ಟಕ್ಕೆ ಬಂದು ನಿಂತಿತು. ಅದರ ಮೇಲೆ ಯಾರೋ ಕೈ ಇಟ್ಟು ಒತ್ತಿ ಹಿಡಿದಂತೆ ಅಲ್ಲೇ ನಿಂತು ನಡುಗಿತು. ಅಷ್ಟರಲ್ಲಿ ಬಾಹಿ ತನ್ನಷ್ಟಕ್ಕೆ ಗರಗರ ತಿರುಗಿ ಒಳಬದಿ ಹೊರಗಾಯಿತು. ಪ್ರಥಮೇಶ ಪೆಟ್ಟನ್ನು ಗಾಳಿಯಲ್ಲೇ ತಡೆದ. ಭೀಮಗೊಂಡನಿಗೆ ತೋಳು ಇಳಿಸದೆ ಗತಿ ಇರಲಿಲ್ಲ. ಇಳಿಸಿದ್ದೇ ತಡ, ಪಟ್ಟಿಗಳೆಲ್ಲ ಒಂದರ ಹಿಂದೊಂದು ಜಾರಿ, ಸಡಿಲ ಬಳೆಗಳ ಹಾಗೆ ಮಣಿಕಟ್ಟಿನಲ್ಲಿ ಬಂದು ಗುಡ್ಡೆಯಾದವು. ಕತ್ತಿ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಅಂಗಳದ ಆಚೆ ವ್ಯಾಯಾಮ ಮಾಡುತ್ತಿದ್ದವರು ಇತ್ತ ತಿರುಗಿದರು. ನಾಚಿಕೆಯಿಂದ ಅವನಿಗೆ ಸತ್ತುಹೋಗಬಾರದೇ ಅನ್ನಿಸಿತು.

'ಹೊಸಾ ಅಸ್ತರ ಐತಲ್ರಿ ಕಾಕಾ' ಎಂದ ಶ್ರೇಣಿಕ ಫೋನು ಇಳಿಸಿ. 'ಹತ್ತಿ ಕಡಿಮಿ ತುಂಬ್ಯಾರ. ನಿಮ್ಮ ತೋಳಿಂದೇನ ತಪ್ಪಿಲ್ಲ.'

ಎಂಥ ಒಳ್ಳೆಯ ಸುಳ್ಳು. ಭೀಮಗೊಂಡ ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಹೌದು, ಹತ್ತಿ ಕಡಿಮೆ. ಇಲ್ಲವೇ ಈ ಬಾಹಿಯೇ ಅಳತೆ ತಪ್ಪಿದ್ದು, ಯಾರದೋ ದೊಡ್ಡ ತೋಳಿಗೆ ಮಾಡಿದ್ದು ಡಬ್ಬಿ ಬದಲಾಗಿ ಬಂದಿದೆ. ಹಾಗೆಂದು ಹೇಳಿಯೂ ಬಿಟ್ಟ. ಆಗ ಶ್ರೇಣಿಕ, ಪಾಪ, ಒಳ್ಳೆಯದಾಗಲಿ ಎಂದೇ, 'ಹಂಗಾರ ಪ್ರಥಮೇಶಗ ಹಾಕಿ ನೋಡೂಣ್ರಿ' ಎಂದ. ಅದೇ ಅಸ್ತರ, ಅದೇ ಬಾಹಿ. ಹುಡುಗನ ತೋಳಿನ ಮೇಲೆ ಪಟ್ಟಿಗಳು ಮಣಿಕಟ್ಟಿನಿಂದ ಭುಜದವರೆಗೆ ಒಂದೊಂದೇ ತಮ್ಮ ಜಾಗ ಕಂಡುಕೊಂಡು ಕೂತವು. ಅವನು ಮುಷ್ಟಿ ಬಿಗಿದ, ಮೊಳಕೈ ಮಡಚಿದ. ಎಲ್ಲೂ ಒಂದು ಚೂರು ಅಲುಗಲಿಲ್ಲ. ಮೂವರೂ ಅದನ್ನು ನೋಡಿದರು. ಪ್ರಥಮೇಶನ ತೋಳು, ಹತ್ತು ಜನರ ನಡುವೆ ನಿಲ್ಲಿಸಿದರೆ ಹತ್ತರಲ್ಲೊಂದು ಅನ್ನಬಹುದಾದ ಮೀಡಿಯಮ್ ತೋಳು. ಭೀಮಗೊಂಡನ ತೋಳು ಹಾಗಿತ್ತು ಒಮ್ಮೆ. 'ಕಾಕಾ, ನೀವ ಸ್ವಲ್ಪ ನೆರಳಾಗ ಕೂಡ್ರಿ' ಎಂದ ಶ್ರೇಣಿಕ.

ಅವನು ಬೇವಿನ ಬುಡದ ಕಲ್ಲಿನ ಮೇಲೆ ಕೂತ. ಅಂಗಳದಲ್ಲಿ ಪ್ರಥಮೇಶ ರೋಮಿನವನಾಗಿದ್ದ, ಕಸರತ್ತಿಗೆ ಬಂದಿದ್ದ ಇನ್ನೊಬ್ಬ ಯಾರೋ ಅವನ ವೈರಿ. ಹುಡುಗ ಪಟ್ಟಾದ ರೂಢಿಯಲ್ಲಿ ತೋಳು ಅಗಲಿಸಿ ಬೀಸುತ್ತಿದ್ದ, ಕಂಕುಳೆಲ್ಲ ಬಯಲಾಗುತ್ತಿತ್ತು. ತಡೆಯಲಾಗದೆ ಭೀಮಗೊಂಡ ಕೂಗಿದ, 'ಬೀಸಬ್ಯಾಡ್ಲೇ! ಢಾಲಿನ ಹಿಂದ ಇರು. ಚುಚ್ಚು, ಹಿಂದ ತಗಿ. ಚುಚ್ಚು, ಹಿಂದ ತಗಿ.' ಹಾಗೆನ್ನುವಾಗ ಅವನ ಬಲಗೈ ತಾನೂ ಮಾಡಿ ತೋರಿಸಲು ಹೊರಟು ತೊಡೆಯ ಮೇಲೆ ಮಿಸುಕಿತು. ಪ್ರಥಮೇಶ 'ಹೋಯ್ ವಸ್ತಾದ' ಎಂದು ತಿದ್ದಿಕೊಂಡ. ವಿಡಿಯೋ ಚೆನ್ನಾಗಿ ಬರುತ್ತಿತ್ತು. ಇಲ್ಲಿ ಇನ್ನು ತನಗೆ ಕೆಲಸವಿಲ್ಲವೆಂದು ತಿಳಿದು, ಶ್ರೇಣಿಕ ಬೇಡ ಬೇಡವೆಂದರೂ ಕೇಳದೆ ಅವನು ಬಸ್ ಸ್ಟ್ಯಾಂಡಿಗೆ ಹೋಗಿ ಇಚಲಕರಂಜಿಯ ಬಸ್ಸು ಹತ್ತಿದ.

ಕಿಟಕಿಯ ಪಕ್ಕ ಕೂತು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡ. ನೆನಪಿಗೆ ಬಂದದ್ದು ಅದೇ ತಾಲೀಮಿನ ಅಂಗಳ, ಮದುವೆಯಾದ ಹೊಸದು, ಶಿವಜಯಂತಿಯ ಜನಜಂಗುಳಿ. ಪಟ್ಟಾದಿಂದ ಅಂಗೈ ಮೇಲಿನ ನಿಂಬೆಹಣ್ಣು ಕಡಿಯುವ ಆಟ. ಕೈ ಚಾಚಬೇಕಾದ ಜೊತೆಗಾರ ಅವತ್ತು ಬಂದಿರಲಿಲ್ಲ, ಯಾರಾದರೂ ಬನ್ನಿ ಎಂದರೆ ಗಂಡಸರೆಲ್ಲ ಹಿಂದೆ ಸರಿದಿದ್ದರು. ಹೆಂಗಸರ ನಡುವಿನಿಂದ ಬಾಳಕ್ಕ ಎದ್ದು ಬಂದಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಬಳೆ ಹಿಂದಕ್ಕೆ ಸರಿಸಿ, ಅಂಗೈ ಚಾಚಿ ನಿಂತಳು. ಅದರ ಮೇಲೆ ಯಾರೋ ಹಣ್ಣು ಇಟ್ಟರು. ಅವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವಳ ಕೈ ಮಾತ್ರ ನಡುಗಲಿಲ್ಲ, ರೆಪ್ಪೆಯೂ ಬಡಿಯಲಿಲ್ಲ. ಹಣ್ಣು ಎರಡಾಗಿ ಬಿತ್ತು, ಅಂಗೈಗೆ ರಸ ತಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ರಾತ್ರಿ ಆ ಕೈ ಹಿಡಿದು ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರೆ, 'ನಿಮ್ಮ ತೋಳ ಐತೆಲ್ರಿ' ಎಂದಿದ್ದಳು. ಇವತ್ತು ಸಂಜೆ ಅವಳಿಗೆ ಏನು ಹೇಳುವುದು? ಬಾಹಿ ಬಿಗಿ ಕುಂತಿತ್ತು ಎಂದು ಹೇಗೆ ಹೇಳುವುದು? ಕಂಡಕ್ಟರು ಚಿಲ್ಲರೆ ಚಾಚಿದಾಗ ಅಭ್ಯಾಸಬಲದಿಂದ ಬಲಗೈ ಮುಂದೆ ಮಾಡಿದ. ನಾಣ್ಯಗಳು ಬೆರಳಸಂದಿಯಿಂದ ಜಾರಿ ಸೀಟಿನ ಕೆಳಗೆ ಉರುಳಿದವು. ಪಕ್ಕದ ಹೆಂಗಸು ಬಗ್ಗಿ ಹೆಕ್ಕಿ ಕೊಟ್ಟಳು. ಅವನು ಅವಳ ಮುಖ ನೋಡಲಿಲ್ಲ.

ಮನೆಗೆ ಬಂದವನು ನೆಟ್ಟಗೆ ಹಿತ್ತಲಿಗೆ ಹೋದ. ಅಸ್ತರ ಅಲ್ಲೇ ಇತ್ತು, ಈಗಲೂ ಒಳಗೆ ತೇವ. ಕೈಯಲ್ಲಿ ಹಿಡಿದು ನೋಡಿದ. ಇದಕ್ಕೂ ಡಬ್ಬಿಯದಕ್ಕೂ ಹೊರಗಿನ ಸುತ್ತಳತೆ ಒಂದೇ. ಒಳಗೆ ಕೈ ತೂರಿಸಿದರೆ ಮಾತ್ರ ಇದರಲ್ಲಿ ಜಾಗ ಕಡಿಮೆ. ಬಟ್ಟೆ ಎರಡೂ ಕಡೆಯಿಂದ ಬಂದು ತೋಳನ್ನು ತಬ್ಬುತ್ತಿತ್ತು. ಒಗೆದಾಗಿನ ಭಾರ, ಎರಡು ದಿನವಾದರೂ ಒಣಗದ ತೇವ, ಮುಟ್ಟಗೊಡದ ಬಾಳಕ್ಕ. ಒಳಗಿನಿಂದ ಅವಳ ಕತ್ತರಿ ತಂದು, ಕಲ್ಲಿನ ಮೇಲೆ ಕೂತು, ಎಡಗೈಯಿಂದ ಒಳಬದಿಯ ಹೊಲಿಗೆಯನ್ನು ಹರಿದ.

ಮೊದಲು ಕಂಡದ್ದು ಅವನ ಟಾವೆಲ್ಲು. ದೀಪಾವಳಿಯಲ್ಲಿ ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಿದ್ದ ನೀಲಿ ಅಂಚಿನ ಟಾವೆಲ್ಲು. 'ಯಾರ ಒಯ್ದಾರೋ ಏನೋ' ಎಂದು ಅವಳೂ ಹುಡುಕಿದ್ದಳು. ಅದರ ಕೆಳಗೆ ಅವಳ ಹಳೆಯ ಇಳಕಲ್ಲ ಸೀರೆಯ ತುಂಡು, ಮಳೆಗಾಲದಲ್ಲಿ ಉಡುವುದನ್ನು ಬಿಟ್ಟಿದ್ದು. ಅದರ ಕೆಳಗೆ ಅವನದೇ ಬನಿಯನ್ನು. ಪ್ರತಿ ಪದರವೂ ಅಂಚಿನುದ್ದಕ್ಕೆ ಇರುವೆ ಸಾಲಿನಂಥ ಸಣ್ಣ ಹೊಲಿಗೆಯಿಂದ ಕೂತಿತ್ತು. ತೋಳು ಬಡವಾದಷ್ಟು ಬಟ್ಟೆ ಬೆಳೆದಿತ್ತು. ಅವನು ಹೆಮ್ಮೆಯಿಂದ ಮನೆಗೆ ತರುತ್ತಿದ್ದ ಬಿಗಿ, ಅವನ ಸಾಕ್ಷಿ, ಇದೇ. ಬಾಹಿಗಳು ಅಳತೆ ತಪ್ಪದೆ ಮೀಡಿಯಮ್ಮಾಗಿಯೇ ಹೋಗುತ್ತಿದ್ದುದೂ ಇದರಿಂದಲೇ. ಎಲ್ಲಕ್ಕೂ ಕೆಳಗೆ, ಮೊದಲಿನ ಹತ್ತಿಗೆ ಅಂಟಿಕೊಂಡು, ಹಳದಿ ಹೂವಿನ ಮೆತ್ತನೆಯ ಬಟ್ಟೆಯೊಂದಿತ್ತು. ಅದನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮೊಮ್ಮಗಳ ತೊಟ್ಟಿಲ ಬಟ್ಟೆ. ಹೋದ ವರ್ಷದ ಯುಗಾದಿ ಪಾಡ್ಯದ ಸುಮಾರಿಗೆ ಗಡಹಿಂಗ್ಲಜದಲ್ಲಿ ಹೆಸರಿಟ್ಟಾಗಿನದು. ಅವತ್ತು ಅವನು ಕೂಸನ್ನು ಬಲತೋಳಿನ ಮೇಲೆ ಹೊತ್ತು ಓಣಿಯವರಿಗೆಲ್ಲ ತೋರಿಸಿ ಬಂದಿದ್ದ. 'ತೋಳು ಕಬ್ಬಿಣದ ಹಂಗ ಐತಿ' ಎಂದುಕೊಂಡಿದ್ದ. ತುತ್ತು ಜಾರುವುದಕ್ಕೆ ಎಷ್ಟೋ ತಿಂಗಳು ಮೊದಲು. ಅವನಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಚಳಿಗಾಲದಲ್ಲಿ ಅವಳು ಮೊಳಕಾಲು ನೋವೆಂದು, ಕೊಲ್ಹಾಪುರದ ದೊಡ್ಡ ಡಾಕ್ಟರಿಗೆ ತೋರಿಸೋಣವೆಂದು, 'ನೀವೂ ಜೋಡಿ ಬರ್ರಿ, ಕುಂತಲ್ಲೆ ನಿಮ್ದೂ ಒಂದೀಟ ನೋಡ್ತಾರ' ಎಂದು ಹಟ ಹಿಡಿದಿದ್ದಳು. ಅವಳ ಮೊಳಕಾಲಿಗೆ ಏನೂ ಆಗಿರಲಿಲ್ಲ. ಭೀಮಗೊಂಡ ಆ ಹಳದಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ.

ಅವಳು ಬರುವುದರೊಳಗೆ ಹೊಲಿದು ಮೊದಲಿನಂತೆ ತಂತಿಗೆ ಹಾಕಿಬಿಡಬೇಕು ಅನ್ನಿಸಿತು. ಅವಳು ಇಷ್ಟು ದಿನ ತನ್ನಿಂದ ಮುಚ್ಚಿಟ್ಟಳು, ಇನ್ನು ಮೇಲೆ ತಾನು ಅವಳಿಂದ ಮುಚ್ಚಿಡಬಹುದು. ಸೂಜಿ ದಾರ ತಂದ. ಸೂಜಿಯನ್ನು ಬಲಗೈಯಲ್ಲಿ ಹಿಡಿದರೆ ಅದು ನಿಲ್ಲಲಿಲ್ಲ; ಎಡಗೈಯಲ್ಲಿ ಹಿಡಿದರೆ ದಾರ ಹಿಡಿಯಲು ಕೈ ಇಲ್ಲ. ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣಿಗೆ ಕಾಣದ ತೂತನ್ನು ಹುಡುಕುತ್ತಿರುವಾಗ ಹಿಂಬಾಗಿಲಲ್ಲಿ ಬಾಳಕ್ಕ ನಿಂತಿದ್ದಳು. ಕೈಯಲ್ಲಿ ಚೀಲ ಹಾಗೇ ಇತ್ತು. ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಮಡಿಲ ತುಂಬ ಹರಡಿದ್ದ ಬಟ್ಟೆಗಳನ್ನು ಅವಳು ಒಂದು ಸಲ ನೋಡಿದಳು.

'ಒಗದ್ರ್ಯಾ?' ಎಂದಳು.

'ಹೂಂ.'

'ಕೂಸಿನ ಜ್ವರ ಬಿಟ್ಟಾವ' ಎನ್ನುತ್ತಾ ಚೀಲ ಕೆಳಗಿಟ್ಟು ಬಂದು ಎದುರು ಕೂತಳು. ಅವನ ಬಾಯಿಂದ ಸೂಜಿ ತಗೊಂಡಳು.

'ಯಾಕ ಹೇಳಲಿಲ್ಲ ನನಗ?' ಎಂದು ಕೇಳಿದ ಭೀಮಗೊಂಡ.

ಅವಳು ಹಳದಿ ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿದಳು. 'ಹೆಸರಿಟ್ಟ ದಿನ ಕೂಸನ್ನ ಎತ್ತಿಕೊಂಡಿದ್ರೆಲ್ಲ, ನಿಮ್ಮ ಮೊಳಕೈ ಕೆಳಗ ನಾ ಕೈ ಹಿಡದ ನಿಂತಿದ್ದೆ. ನಿಮ್ಮ ಲಕ್ಷ್ಯ ಇರಲಿಲ್ಲ. ನೀವ ಹೇಳ್ತೀರಿ, ಇವತ್ತ ಹೇಳ್ತೀರಿ, ನಾಳಿ ಹೇಳ್ತೀರಿ ಅಂತ ಕಾಯ್ದೆ. ನೀವ ದಿನಾ ಬಂದು, ಬಿಗಿ ಕುಂತಿತ್ತ ನೋಡ ಅಂತಿದ್ರಿ. ಆ ಮಾರಿ ನೋಡಿ ನನಗ ಬಾಯಿ ಬರಲಿಲ್ಲ.'

ಮಗ್ಗಗಳು ಪಾಳಿ ಬದಲಿಗೆ ನಿಂತು ಓಣಿ ಒಮ್ಮೆಲೇ ಬಿಕೋ ಎಂದಿತು. ಬಾಳಕ್ಕ ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸಿದಳು. 'ಹೊಲದ ಕೊಡ್ಲೇನ್ರಿ? ನಾಳಿ ಕೆಲಸಕ್ಕ ಬೇಕಲ್ಲ. ಇನ್ನೊಂದ ಪದರ...' ಎಂದು ಅರ್ಧಕ್ಕೆ ನಿಲ್ಲಿಸಿದಳು.

ಅವನಿಗೆ ಹೌದು ಎನ್ನುವ ಆಸೆ ಗಂಟಲವರೆಗೂ ಬಂತು. ಇನ್ನೊಂದು ಪದರ, ಅದರ ಮೇಲೆ ಇನ್ನೊಂದು. ಕಡೆಗೆ ತೋಳೇ ಇಲ್ಲದೆ ಬರೀ ಅಸ್ತರವೇ ಬಾಹಿಯೊಳಗೆ ಬಿಗಿಯಾಗಿ ಕೂತಿರುತ್ತದೆ. 'ಬ್ಯಾಡ' ಎಂದ. 'ನಾಳಿಂದ ಪ್ರಥಮೇಶನ್ನ ಕರಸ್ಕೋ ಅಂತ ಶ್ರೇಣಿಕಗ ಹೇಳ್ತೀನಿ. ನಿನ್ನ ಮೊಳಕಾಲ ತೋರಸೂದೈತೆಲ್ಲ, ನಾಳಿ ಕೊಲ್ಹಾಪುರಕ್ಕ ಹೋಗೂಣು.' ಮಡಿಲ ಬಟ್ಟೆಗಳನ್ನು ಬದಿಗೆ ಸರಿಸಿ, 'ಈಗ ಅಳತಿ ತಗೋ. ಖರೇ ಅಳತಿ' ಎಂದ.

ಅವಳು ಅವನ ಅಂಗಿಯ ತೋಳಿನ ಗುಂಡಿ ಬಿಚ್ಚಿ ಮೊಳಕೈವರೆಗೆ ಮಡಚಿದಳು. ಟೇಪು ತರಲು ಏಳಲಿಲ್ಲ. ಇಷ್ಟು ದಿನ ಅವನು ಮಲಗಿದ ಮೇಲೆ ಯಾವುದರಿಂದ ಅಳೆಯುತ್ತಿದ್ದಳೆಂದು ಅವನಿಗೆ ಆಗ ತಿಳಿಯಿತು. ಬಳೆ ಹಿಂದಕ್ಕೆ ಸರಿಸಿ ಅವಳು ಅಂಗೈ ಚಾಚಿದಳು. ಅವತ್ತಿನ ಹಾಗೇ ಕೈ ನಡುಗಲಿಲ್ಲ. ಭೀಮಗೊಂಡ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಮುಂಗೈಯನ್ನು ಆ ಅಂಗೈಯ ಮೇಲೆ ಇಟ್ಟ. ಅವಳ ಬೆರಳುಗಳು ಸುತ್ತ ಮಡಚಿಕೊಂಡವು. ಒಂದು ಕಾಲಕ್ಕೆ ಅವಳ ಕೈಗೆ ಅರ್ಧ ಸುತ್ತೂ ಸಿಗದಿದ್ದ ಮುಂಗೈ. ಹೆಬ್ಬೆರಳು ಬಂದು ನಡುಬೆರಳನ್ನು ಮುಟ್ಟಿತು. ಮುಟ್ಟಿ, ಅದರ ಮೇಲೆ ಏರಿ ಕೂತಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

'ಇಷ್ಟ ಐತ್ರಿ' ಎಂದಳು ಬಾಳಕ್ಕ.